ಬಡ್ಡಿಯಿಲ್ಲದ ಬ್ಯಾಂಕು: ರೆಪೊ ದರ ತಲುಪದ ಕರಾವಳಿಯ ಹಣ

ಮಿರ್ಜಾನ: ಅಘನಾಶಿನಿ ದಂಡೆಯ ಮಿರ್ಜಾನ ಕೋಟೆಯ ನೆರಳಿನಲ್ಲಿ ಒಂದು ಕಾಲಕ್ಕೆ ಕಾಳುಮೆಣಸು ಹಡಗೇರುತ್ತಿತ್ತು. ಅರಬ್ ವರ್ತಕರ ಸಮುದ್ರ ವ್ಯಾಪಾರದಲ್ಲಿ ಹಳೆಯ ಒಡಂಬಡಿಕೆಯೊಂದಿತ್ತು. ಒಬ್ಬನದು ಬಂಡವಾಳ, ಇನ್ನೊಬ್ಬನದು ದುಡಿಮೆ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು, ನಷ್ಟವಾದರೆ ಬಂಡವಾಳ ಹಾಕಿದವನೇ ಹೊರಬೇಕು. 'ಮುದಾರಬಾ' ಎಂಬ ಈ ಒಪ್ಪಂದವೇ ಇಂದಿನ ಇಸ್ಲಾಮಿಕ್ ಬ್ಯಾಂಕಿಂಗ್‌ನ ತಳಹದಿ.

ಈಗ ಭಟ್ಕಳ, ಹೊನ್ನಾವರ, ಕುಮಟಾಗಳಿಗೆ ಕೊಲ್ಲಿ ರಾಷ್ಟ್ರಗಳಿಂದ ಹಣ ಬರುತ್ತದೆ. ಧರ್ಮನಿಷ್ಠ ಠೇವಣಿದಾರರಲ್ಲಿ ಕೆಲವರು ಅದನ್ನು ಚಾಲ್ತಿ ಖಾತೆಯಲ್ಲೇ ಇಡುತ್ತಾರೆ. ಕೆಲವರು ಉಳಿತಾಯ ಖಾತೆಯ ಬಡ್ಡಿಯನ್ನು ತೆಗೆದು, ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಡುತ್ತಾರೆ. ಉಳಿದದ್ದು ನಿವೇಶನ, ಮನೆ, ಚಿನ್ನಕ್ಕೆ ಹೋಗುತ್ತದೆ. ಎಲ್ಲರೂ ಹೀಗೆಯೇ ಎಂದಲ್ಲ. ಬಡ್ಡಿ ಪಡೆಯುವವರೂ ಸಾಲ ಮಾಡುವವರೂ ಇದ್ದಾರೆ. ಆದರೆ ಬಡ್ಡಿಯಿಂದ ದೂರ ಉಳಿದವರ ಮಟ್ಟಿಗೆ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಕೇವಲ ಸುದ್ದಿ. ರೆಪೊ ದರ 2020ರ ಮೇಯಲ್ಲಿ ಶೇ. 4ಕ್ಕೆ ಇಳಿಯಿತು, 2023ರ ಫೆಬ್ರುವರಿಯಲ್ಲಿ ಶೇ. 6.5ಕ್ಕೆ ಏರಿತು, 2025ರ ಜೂನ್‌ನಲ್ಲಿ ಶೇ. 5.5ಕ್ಕೆ ಮರಳಿತು. ಈ ಏರಿಳಿತದಲ್ಲಿ ಅವರ ಠೇವಣಿಯೂ ಬೆಳೆಯಲಿಲ್ಲ, ಸಾಲದ ಕಂತೂ ಬದಲಾಗಲಿಲ್ಲ. ಚಾಲ್ತಿ ಖಾತೆಯ ಹಣ ಬ್ಯಾಂಕುಗಳಿಗೆ ಬಿಟ್ಟಿ ಬಂಡವಾಳ; ಅವುಗಳಿಂದ ದೂರು ಬರುವ ಸಂಭವವಿಲ್ಲ.

ಪ್ರಶ್ನೆ ಹೊಸದೇನಲ್ಲ. ರಿಸರ್ವ್ ಬ್ಯಾಂಕಿನ ಆನಂದ್ ಸಿನ್ಹಾ ನೇತೃತ್ವದ ಕಾರ್ಯತಂಡ ಇರುವ ಕಾನೂನಿನಡಿ ಇದು ಸಾಧ್ಯವಿಲ್ಲವೆಂದು 2006ರಲ್ಲಿ ಹೇಳಿತು. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಶಿಫಾರಸು ಮಾಡಿತು. ದೀಪಕ್ ಮೊಹಾಂತಿ ಸಮಿತಿ 2015ರಲ್ಲಿ, ಸಾಮಾನ್ಯ ಬ್ಯಾಂಕುಗಳಲ್ಲೇ ಪ್ರತ್ಯೇಕ ಕಿಟಕಿ ತೆರೆಯಬಹುದೆಂದಿತು. ಕೊನೆಗೆ 2017ರ ನವೆಂಬರ್‌ನಲ್ಲಿ, ಎಲ್ಲ ನಾಗರಿಕರಿಗೂ ಬ್ಯಾಂಕಿಂಗ್ ಸೇವೆ ಪಡೆಯಲು ಸಮಾನ ಅವಕಾಶವಿದೆ ಎಂಬ ಕಾರಣ ನೀಡಿ ಪ್ರಸ್ತಾವವನ್ನು ಕೈಬಿಟ್ಟಿದ್ದು ಮಾಹಿತಿ ಹಕ್ಕಿನ ಉತ್ತರದಿಂದ ಬಹಿರಂಗವಾಯಿತು. ಅವಕಾಶವಿದ್ದೂ ಅದನ್ನು ಬಳಸಲಾಗದವರ ಬಗ್ಗೆಯೇ ಚರ್ಚೆ ಆರಂಭವಾಗಿತ್ತೆಂಬುದನ್ನು ಈ ಉತ್ತರ ಮರೆತಂತಿತ್ತು.

ಆದರೆ ಸಿನ್ಹಾ ತಂಡ ಎದುರಿಸಿದ ತೊಡಕುಗಳು ನಿಜವಾದವು. ತದಡಿಯ ಮೀನುಗಾರನೊಬ್ಬನಿಗೆ ದೋಣಿಯ ಎಂಜಿನ್ ಬೇಕೆನ್ನಿ. ಇಸ್ಲಾಮಿಕ್ ಪದ್ಧತಿಯಲ್ಲಿ ಬ್ಯಾಂಕು ಸಾಲ ಕೊಡುವುದಿಲ್ಲ. ಎಂಜಿನ್ ಅನ್ನು ತಾನೇ ಖರೀದಿಸಿ, ಲಾಭ ಸೇರಿಸಿ, ಕಂತಿನ ಮೇಲೆ ಅವನಿಗೆ ಮಾರುತ್ತದೆ. ಇದು 'ಮುರಾಬಹಾ'. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಕಲಮಿನಂತೆ ಬ್ಯಾಂಕು ಸರಕಿನ ವ್ಯಾಪಾರ ಮಾಡುವಂತಿಲ್ಲ. ಇನ್ನು ಶಾಸನಬದ್ಧ ದ್ರವ್ಯತಾ ಅನುಪಾತದಂತೆ ಠೇವಣಿಯ ಶೇ. 18ರಷ್ಟನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕು. ಅವು ಬಡ್ಡಿ ತರುವಂಥವು. ನಗದು ಮೀಸಲಿಗೆ ರಿಸರ್ವ್ ಬ್ಯಾಂಕು ಬಡ್ಡಿ ಕೊಡದ ಕಾರಣ ಅಲ್ಲಿ ಮಾತ್ರ ತಕರಾರಿಲ್ಲ. ಹಣದ ಮುಗ್ಗಟ್ಟು ಬಂದಾಗ ಮೊರೆಹೋಗಬೇಕಾದ ರೆಪೊ ಸೌಲಭ್ಯವೇ ಬಡ್ಡಿ ಸಾಲ. ಮುದಾರಬಾ ಠೇವಣಿದಾರ ನಷ್ಟಕ್ಕೆ ಸಿದ್ಧನಿರಬೇಕು. ನಮ್ಮ ಠೇವಣಿ ವಿಮೆಯೋ ರೂ. 5 ಲಕ್ಷದವರೆಗೆ ಭರವಸೆ ನೀಡುತ್ತದೆ.

ಮಲೇಷ್ಯಾ 1983ರಲ್ಲೇ ಪ್ರತ್ಯೇಕ ಕಾಯ್ದೆ ತಂದು, 1994ರಲ್ಲಿ ಇಸ್ಲಾಮಿಕ್ ಬ್ಯಾಂಕುಗಳ ನಡುವಣ ಹಣದ ಮಾರುಕಟ್ಟೆಯನ್ನೂ ರೂಪಿಸಿತು. ಅಲ್ಲಿನ ಕೇಂದ್ರ ಬ್ಯಾಂಕು ನೀತಿ ದರ ಬದಲಿಸಿದಾಗ ಇಸ್ಲಾಮಿಕ್ ಬ್ಯಾಂಕುಗಳ 'ಲಾಭ ದರ'ವೂ ಬಹುತೇಕ ಅದೇ ದಿಕ್ಕಿಗೆ ಚಲಿಸುತ್ತದೆ. ಹೆಸರಷ್ಟೇ ಬೇರೆ ಎಂದು ಧಾರ್ಮಿಕ ವಿಮರ್ಶಕರು ಮೂಗು ಮುರಿಯುವುದು ಇದಕ್ಕೇ. ಕೇಂದ್ರ ಬ್ಯಾಂಕಿನ ದೃಷ್ಟಿಯಿಂದ ಮಾತ್ರ ಇದು ಸಮಾಧಾನದ ಸಂಗತಿ: ನೀತಿಯ ಹಿಡಿತ ತಪ್ಪಿಲ್ಲ. ಆದ್ದರಿಂದ ಬಡ್ಡಿರಹಿತ ಕಿಟಕಿ ತೆರೆದರೆ ಹಣಕಾಸು ನೀತಿ ಸಡಿಲಗೊಳ್ಳುವುದೆಂಬ ಆತಂಕಕ್ಕೆ ಬಲವಿಲ್ಲ. ಈಗ ಚಾಲ್ತಿ ಖಾತೆಯಲ್ಲೂ ಚಿನ್ನದಲ್ಲೂ ಕುಳಿತಿರುವ ಹಣವೇ ನೀತಿಯ ಕೈಗೆ ಹೆಚ್ಚು ದೂರ.

ಕರ್ನಾಟಕದ ರೈತನಿಗೂ 'ಶೂನ್ಯ ಬಡ್ಡಿ' ಪರಿಚಿತವೇ. 2023ರ ಬಜೆಟ್‌ನಲ್ಲಿ ಸಹಕಾರ ಸಂಘಗಳ ಅಂಥ ಅಲ್ಪಾವಧಿ ಸಾಲದ ಮಿತಿಯನ್ನು ರೂ. 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಅಲ್ಲಿ ಬಡ್ಡಿ ಮಾಯವಾಗಿಲ್ಲ, ಸರ್ಕಾರ ಕಟ್ಟುತ್ತದೆ.

ಅಧಿಕೃತ ಬಾಗಿಲು ಮುಚ್ಚಿದ್ದ ವರ್ಷಗಳಲ್ಲೇ ಬೆಂಗಳೂರಿನಲ್ಲಿ 2006ರಲ್ಲಿ ಆರಂಭವಾದ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, 'ಹಲಾಲ್' ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸುತ್ತ ಹೋಯಿತು. ಹೂಡಿಕೆದಾರರನ್ನು ಕಾಗದದ ಮೇಲೆ ಪಾಲುದಾರರನ್ನಾಗಿಸಿತು. 2019ರ ಜೂನ್‌ನಲ್ಲಿ ಅದು ಬಾಗಿಲು ಹಾಕಿದಾಗ 40 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ವಂಚನೆಯ ಮೊತ್ತ ಸುಮಾರು ರೂ. 4 ಸಾವಿರ ಕೋಟಿ ಎಂದು ಆರೋಪಿಸಲಾಯಿತು. ತನಿಖೆ ಎಸ್‌ಐಟಿಯಿಂದ ಸಿಬಿಐಗೆ ಹೋಯಿತು. ಸಂಸ್ಥೆ ತಿಂಗಳಿಗೆ ಶೇ. 3ರವರೆಗೆ ಪ್ರತಿಫಲದ ಆಸೆ ತೋರಿಸಿತ್ತು. ನಿಜವಾದ ಪಾಲುದಾರಿಕೆಯಲ್ಲಿ ಲಾಭ ತಿಂಗಳು ತಿಂಗಳೂ ತಪ್ಪದೆ ಬರುವುದಿಲ್ಲ. ಮೆಣಸಿನ ಹಡಗು ಮುಳುಗುವ ತಿಂಗಳೂ ಇರುತ್ತದೆ. ಆ ಸರಳ ಲೆಕ್ಕ ಹೂಡಿಕೆದಾರರಿಗೆ ಹೊಳೆಯಲಿಲ್ಲವೆನ್ನುವುದು ಸುಲಭ. ಆದರೆ ಲೆಕ್ಕ ಪರಿಶೀಲಿಸಬೇಕಾದ ನಿಯಂತ್ರಕರ ಅಂಗಳದಲ್ಲಿ ಅವರಿಗೆ ಪರ್ಯಾಯವಾಗಿ ಇದ್ದದ್ದು ಷರಿಯಾ ಷೇರು ನಿಧಿಗಳಷ್ಟೇ. ಎಸ್‌ಬಿಐ 2014ರ ಡಿಸೆಂಬರ್‌ನಲ್ಲಿ ಹೊರತರಬೇಕಿದ್ದ ಅಂಥದೊಂದು ನಿಧಿಯನ್ನು ಕೊನೆಯ ಗಳಿಗೆಯಲ್ಲಿ ಮುಂದೂಡಲಾಯಿತು.