ಚಿಕಿತ್ಸೆ ಮುಗಿಸಿ ಬಂದ ಅಪ್ಪನನ್ನು ಮಂಚಕ್ಕೆ ಕಟ್ಟಿಹಾಕಬೇಡಿ

ಬೆಂಗಳೂರಿನ ಕಿದ್ವಾಯಿಗೋ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ತಿಂಗಳುಗಟ್ಟಲೆ ಓಡಾಡಿ, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿ ಊರಿಗೆ ಬಂದ ಹಿರಿಯರನ್ನು ನಮ್ಮ ಹಳ್ಳಿಗಳು ಪ್ರೀತಿಯಿಂದಲೇ ನೋಡಿಕೊಳ್ಳುತ್ತವೆ. ಮಗ ಹೊಲಕ್ಕೆ ಬರಬೇಡಿ ಅನ್ನುತ್ತಾನೆ. ಸೊಸೆ ಕೂತಲ್ಲಿಗೇ ಊಟ ತಂದಿಡುತ್ತಾಳೆ. ನೋಡಲು ಬಂದ ನೆಂಟರೆಲ್ಲ ಹೇಳುವುದು ಒಂದೇ ಮಾತು: "ದೊಡ್ಡ ಕಾಯಿಲೆ ಗೆದ್ದು ಬಂದಿದ್ದೀರಿ, ಇನ್ನು ಏನೂ ಮಾಡಬೇಡಿ, ಆರಾಮಾಗಿ ಮಲಗಿರಿ."

ಈ ಪ್ರೀತಿಯೇ ಅವರಿಗೆ ಕೆಡುಕು ಮಾಡುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಪ್ರಾಸ್ಟೇಟ್ ಕ್ಯಾನ್ಸರ್ ದಾಟಿದವರಿಗೆ ನಡಿಗೆ, ವ್ಯಾಯಾಮ, ಹಗುರ ಕೆಲಸ ಬರೀ ಹೊತ್ತು ಕಳೆಯುವ ದಾರಿಯಲ್ಲ. ಮಾತ್ರೆ, ಇಂಜೆಕ್ಷನ್‌ಗಳಂತೆ ಅದೂ ಚಿಕಿತ್ಸೆಯ ಒಂದು ಭಾಗ. ಯಾಕೆ ಅಂತ ಬಿಡಿಸಿ ಹೇಳುತ್ತೇವೆ.

ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಇರುವ, ದಪ್ಪ ಅಡಿಕೆಯಷ್ಟು ಗಾತ್ರದ ಗ್ರಂಥಿ. ಅದರಲ್ಲಿ ಕ್ಯಾನ್ಸರ್ ಆದಾಗ ಕೆಲವರಿಗೆ ಆಪರೇಷನ್ ಮಾಡುತ್ತಾರೆ, ಕೆಲವರಿಗೆ ರೇಡಿಯೇಷನ್, ಅಂದರೆ ನಮ್ಮ ಜನ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಅದನ್ನು ಕೊಡುತ್ತಾರೆ. ಇವುಗಳ ಜೊತೆಗೋ, ಬರೀ ಅದನ್ನೇ ಆಗಲಿ, ಅನೇಕರಿಗೆ ಹಾರ್ಮೋನ್ ಚಿಕಿತ್ಸೆ ಇರುತ್ತದೆ. ಗಂಡಸಿನ ಹಾರ್ಮೋನ್ ಈ ಕ್ಯಾನ್ಸರ್‌ಗೆ ಗೊಬ್ಬರ ಇದ್ದ ಹಾಗೆ. ಅದನ್ನು ನಿಲ್ಲಿಸಿದರೆ ಗಡ್ಡೆ ಕುಗ್ಗುತ್ತದೆ ಎಂದು 1941ರಲ್ಲೇ ಅಮೆರಿಕದ ಡಾಕ್ಟರ್ ಚಾರ್ಲ್ಸ್ ಹಗ್ಗಿನ್ಸ್ ಮತ್ತು ಜೊತೆಗಾರರು ತೋರಿಸಿದರು. ಹಗ್ಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಹುಮಾನ ಬಂತು. ಇವತ್ತು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್ ಮಾಡುವ ಕೆಲಸವೂ ಅದೇ.

ಆದರೆ ಆ ಹಾರ್ಮೋನ್ ಕ್ಯಾನ್ಸರ್‌ಗೆ ಮಾತ್ರ ಗೊಬ್ಬರವಲ್ಲ. ಗಂಡಸಿನ ಮೂಳೆ, ಮಾಂಸಖಂಡಗಳಿಗೂ ಅದು ಬೇಕು. ಅದು ನಿಂತ ಮೇಲೆ ಮೂಳೆ ತೆಳುವಾಗುತ್ತದೆ, ತೋಳು ತೊಡೆ ಸಣ್ಣಗಾಗುತ್ತವೆ, ಹೊಟ್ಟೆ ಬರುತ್ತದೆ, ಶುಗರ್ ಏರಬಹುದು, ಹೃದಯದ ತೊಂದರೆಯ ಅಪಾಯವೂ ಹೆಚ್ಚು. ಮೈಯೆಲ್ಲ ಇದ್ದಕ್ಕಿದ್ದಂತೆ ಬಿಸಿಯೇರುತ್ತದೆ, ಸುಸ್ತು ಬಿಡುವುದಿಲ್ಲ, ಮನಸ್ಸು ಕುಗ್ಗುತ್ತದೆ. ಇಂಥ ಮೈಯನ್ನು ತಂದು ಮಂಚದ ಮೇಲೆ ಮಲಗಿಸಿದರೆ ಏನಾದೀತು? ಇಂಜೆಕ್ಷನ್‌ನಿಂದ ಸೋತ ಮೂಳೆ, ಮಾಂಸ ಮಲಗಿ ಮಲಗಿ ಇನ್ನಷ್ಟು ಸೋಲುತ್ತವೆ. ಕೊನೆಗೆ ಒಂದು ದಿನ ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿಯುತ್ತದೆ. ಕ್ಯಾನ್ಸರ್ ಗೆದ್ದವರು ಬಚ್ಚಲಲ್ಲಿ ಸೋಲಬಾರದು.

ಸುಸ್ತಿಗೆ ಮಲಗುವುದೇ ಮದ್ದು ಅಂತ ನಾವೆಲ್ಲ ನಂಬಿದ್ದೇವೆ. ಗದ್ದೆ ಕೆಲಸ ಮಾಡಿ ಬಂದ ಸುಸ್ತಿಗೆ ಅದು ಸರಿ. ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ಬೇರೆ ಜಾತಿಯದು, ಎಷ್ಟು ಮಲಗಿದರೂ ಹೋಗುವುದಿಲ್ಲ. ಹಿತಮಿತವಾಗಿ ಓಡಾಡಿದರೆ ಅದು ಕಡಿಮೆಯಾಗುತ್ತದೆ. 2019ರಲ್ಲಿ ಅಮೆರಿಕದ ಕ್ರೀಡಾ ವೈದ್ಯಶಾಸ್ತ್ರ ಕಾಲೇಜು ಬೇರೆ ಬೇರೆ ದೇಶಗಳ ತಜ್ಞರನ್ನು ಸೇರಿಸಿ ಒಂದು ಲೆಕ್ಕ ಕೊಟ್ಟಿತು: ವಾರಕ್ಕೆ 3 ದಿನ, ದಿನಕ್ಕೆ 30 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಜೊತೆಗೆ ವಾರಕ್ಕೆ 2 ದಿನ ಮಾಂಸಖಂಡ ಗಟ್ಟಿಮಾಡುವ ವ್ಯಾಯಾಮ. ಇಷ್ಟು ಮಾಡಿದರೆ ಕ್ಯಾನ್ಸರ್ ದಾಟಿದವರ ಸುಸ್ತು, ಆತಂಕ, ಖಿನ್ನತೆ ತಗ್ಗುತ್ತವೆ, ಕೈಕಾಲಿಗೆ ಶಕ್ತಿ ಬರುತ್ತದೆ ಎಂದು ಅವರು ಹೇಳಿದರು.

ಅದಕ್ಕೂ ಮೊದಲು, 2011ರಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದ ಅಮೆರಿಕದ 2705 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಪ್ರಕಟವಾಯಿತು. ವಾರಕ್ಕೆ 3 ಗಂಟೆ ಅಥವಾ ಹೆಚ್ಚು ಹೊತ್ತು ಬೆವರು ಹರಿಯುವ ವ್ಯಾಯಾಮ ಮಾಡಿದವರಲ್ಲಿ, 1 ಗಂಟೆಯೂ ಮಾಡದವರಿಗಿಂತ, ಈ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಶೇ. 61ರಷ್ಟು ಕಡಿಮೆ ಕಂಡಿತು. ವ್ಯಾಯಾಮದಿಂದಲೇ ಅವರು ಉಳಿದರು ಅಂತ ಇದರಿಂದ ಖಚಿತವಾಗಿ ಹೇಳಲು ಬರುವುದಿಲ್ಲ. ಗಟ್ಟಿಯಾಗಿದ್ದವರೇ ಹೆಚ್ಚು ವ್ಯಾಯಾಮ ಮಾಡಿರಲೂಬಹುದು. ಆದರೂ ಮಲಗಿದ್ದರೆ ಲಾಭವಿದೆ ಎಂದು ಹೇಳುವ ಪುರಾವೆಯಂತೂ ಇಲ್ಲಿಲ್ಲ.

"ಹಳ್ಳಿಯವರಿಗೆ ಎಂಥ ವ್ಯಾಯಾಮ? ಹುಟ್ಟಿದಾಗಿನಿಂದ ದುಡಿದವರಲ್ಲವಾ?" ಅಂತ ನೀವು ಕೇಳಬಹುದು. ದುಡಿದದ್ದು ನಿಜ, ಆದರೆ ಅದು ಕಾಯಿಲೆಗೆ ಮುಂಚೆ. ಈಗ ಕೂತಿದ್ದಾರಲ್ಲ, ಲೆಕ್ಕಕ್ಕೆ ಬರುವುದು ಈಗಿನದು. ಅಲ್ಲದೆ ನಮ್ಮ ಕೆಲಸ ಸುಗ್ಗಿಯಲ್ಲಿ ಮೈ ಮುರಿಯುವಷ್ಟು, ಬೇಸಿಗೆಯಲ್ಲಿ ಏನೂ ಇಲ್ಲ. ಮೂಳೆ ತೆಳುವಾದವರು 50 ಕಿಲೋ ಚೀಲ ಎತ್ತುವುದೂ ತಪ್ಪು, ಇಡೀ ದಿನ ಟಿವಿ ಮುಂದೆ ಕೂರುವುದೂ ತಪ್ಪು. ಕೆಲಸ ಬಿಡಿಸುವುದು ಬೇಡ, ಕೆಲಸ ಬದಲಿಸಿ. ಹಸು ಮೇಯಿಸಿಕೊಂಡು ಬರಲಿ, ತೋಟಕ್ಕೆ ನಡೆದು ಹೋಗಲಿ, ಕೈತೋಟದಲ್ಲಿ ಕಳೆ ಕೀಳಲಿ, ಡೇರಿಗೆ ಹಾಲು ಹಾಕಿ ಬರಲಿ.

ಇದರ ಜೊತೆಗೆ ಮನೆಯಲ್ಲೇ ಮಾಡಬಹುದಾದದ್ದು: ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ 10 ಸಲ ಎದ್ದು ಕೂರುವುದು. ಗೋಡೆಗೆ ಅಂಗೈ ಒತ್ತಿ ಮೈ ಹಿಂದೆ ಮುಂದೆ ಮಾಡುವುದು. ಎರಡು ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಎತ್ತಿ ಇಳಿಸುವುದು. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ನಡಿಗೆಯನ್ನು ದಿನಕ್ಕೆ 10 ನಿಮಿಷದಿಂದ ಶುರುಮಾಡಿ ನಿಧಾನಕ್ಕೆ ಹೆಚ್ಚಿಸಲಿ. ನಡೆಯುವಾಗ ಮಾತಾಡಲು ಬರಬೇಕು, ಹಾಡು ಹೇಳಲು ಏದುಸಿರು ಬರಬೇಕು. ಅದೇ ಸರಿಯಾದ ವೇಗ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಕಾರಣಕ್ಕೆ ಬರೋಣ. ಎಷ್ಟೋ ಗಂಡಸರು ಮನೆಯಿಂದ ಹೊರಗೆ ಬರದಿರುವುದು ಸುಸ್ತಿನಿಂದಲ್ಲ, ನಾಚಿಕೆಯಿಂದ. ಆಪರೇಷನ್ ಆದ ಮೇಲೆ ಕೆಮ್ಮಿದರೆ, ಸೀನಿದರೆ, ಎದ್ದು ನಿಂತರೆ ಮೂತ್ರ ಸೋರುವುದುಂಟು. ಪಂಚೆ ಒದ್ದೆಯಾದರೆ ಅರಳಿಕಟ್ಟೆಯಲ್ಲಿ ಯಾರಾದರೂ ನಕ್ಕಾರು ಎಂಬ ಭಯ. ಸೋರಿಕೆ ತಪ್ಪಿಸಲು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದರಿಂದ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ.

ಹೆಚ್ಚಿನವರಿಗೆ ಈ ಸೋರಿಕೆ ಕೆಲವು ತಿಂಗಳಲ್ಲಿ ತಗ್ಗುತ್ತಾ ಬರುತ್ತದೆ. ಅದಕ್ಕೂ ವ್ಯಾಯಾಮವಿದೆ. ಮೂತ್ರ ತಡೆದುಕೊಳ್ಳುವಾಗ ಬಿಗಿಯಾಗುವ ಮಾಂಸಖಂಡವನ್ನು 5 ಎಣಿಸುವವರೆಗೆ ಬಿಗಿಹಿಡಿದು ಸಡಿಲಿಸುವುದು, ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಮೂತ್ರದ ಪೈಪ್ ಇರುವಾಗ ಮಾತ್ರ ಇದನ್ನು ಮಾಡಬಾರದು. ಅಲ್ಲಿಯವರೆಗೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಪ್ಯಾಡ್ ಅಥವಾ ಮಡಚಿದ ಹತ್ತಿ ಬಟ್ಟೆ ಇಟ್ಟುಕೊಂಡು ಧೈರ್ಯವಾಗಿ ಹೊರಡಲಿ. ಹೆಂಡತಿ, ಮಗ ಈ ಮಾತನ್ನು ತಾವೇ ತೆಗೆದರೆ ಅವರ ಎದೆಯ ಭಾರ ಅರ್ಧ ಇಳಿಯುತ್ತದೆ.

ಎಚ್ಚರಿಕೆಯೂ ಬೇಕು. ಆಪರೇಷನ್ ಆದ ಮೊದಲ ಸುಮಾರು 6 ವಾರ ಭಾರ ಎತ್ತಬಾರದು. ಈ ಕ್ಯಾನ್ಸರ್ ಮೂಳೆಗೆ ಹಬ್ಬಿದ್ದರೆ ಯಾವ ವ್ಯಾಯಾಮ ಸರಿ ಅಂತ ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು. ಬೆನ್ನು ನೋವು ಜೋರಾಗಿ ಕಾಲು ಸೋತರೆ, ಜೋಮು ಹಿಡಿದರೆ, ಮಲ ಮೂತ್ರದ ಹಿಡಿತ ಇದ್ದಕ್ಕಿದ್ದಂತೆ ತಪ್ಪಿದರೆ ನಾಳೆಗೆ ಕಾಯಬೇಡಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಬೆನ್ನುಹುರಿ ಒತ್ತಿಹೋಗಿರಬಹುದು, ತಡವಾದರೆ ಕಾಲು ಮತ್ತೆ ಬರದೇ ಹೋಗಬಹುದು.

ಎಲ್ಲವನ್ನೂ ಮನೆಯವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ ಬರೆದ ಹಾಗೆಯೇ, ಎಷ್ಟು ನಡೆಯಬೇಕು, ಎಷ್ಟು ಭಾರ ಎತ್ತಬಹುದು ಅಂತ ಕನ್ನಡದಲ್ಲಿ ಬರೆದುಕೊಡಬೇಕು. 'ರೆಸ್ಟ್ ಮಾಡಿ' ಅನ್ನುವ ಒಂದು ಮಾತು ಹಳ್ಳಿಗೆ ಬರುವಷ್ಟರಲ್ಲಿ 'ಏಳಲೇಬೇಡಿ' ಅಂತ ಆಗಿರುತ್ತದೆ. ಆಯುಷ್ಮಾನ್ ಆರೋಗ್ಯ ಮಂದಿರದ ಸಿಬ್ಬಂದಿ ಬಿಪಿ, ಶುಗರ್ ನೋಡುವಾಗ ಇವರನ್ನೂ ಕರೆದು ಮಾತಾಡಿಸಲಿ. ಈ ಕಷ್ಟವನ್ನು ಆಶಾ ಅಕ್ಕನ ಹತ್ತಿರ ಹೇಳಲು ಗಂಡಸರು ಹಿಂಜರಿಯುತ್ತಾರೆ, ಹಾಗಾಗಿ ಅಲ್ಲಿ ಗಂಡು ಸಿಬ್ಬಂದಿಯೊಬ್ಬರು ಇರಲಿ. ಪಂಚಾಯ್ತಿಗೆ ನಮ್ಮ ಬೇಡಿಕೆ ಇನ್ನೂ ಸಣ್ಣದು: ಬಸ್ ಸ್ಟಾಪ್ ಹತ್ತಿರ ಬೀಗ ಹಾಕದ, ನೀರು ಬರುವ ಒಂದು ಶೌಚಾಲಯ, ಬೆಳಗಿನ ಜಾವ ನಡೆಯುವ ದಾರಿಗೆ ನಾಲ್ಕು ಬೀದಿದೀಪ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಇದನ್ನು ಕೇಳಬೇಕು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿ ಇರುವುದು ಇಷ್ಟು. "ಮಲಗಿರಿ ಅಪ್ಪ" ಅನ್ನುವ ಬದಲು "ಬನ್ನಿ ಅಪ್ಪ, ತೋಟದವರೆಗೆ ಹೋಗಿ ಬರೋಣ" ಅನ್ನಿ. ಒಬ್ಬರೇ ಹೋಗಿ ಅಂದರೆ ನಾಳೆ ನೋಡೋಣ ಅನ್ನುತ್ತಾರೆ, ಜೊತೆಗೆ ಹೊರಟರೆ ಚಪ್ಪಲಿ ಹುಡುಕುತ್ತಾರೆ.