ಹಿಮ್ಮಡಿ ನೋಡಿ ಮೂಳೆ ಭವಿಷ್ಯ!

ಮೂಡಿಗೆರೆ, ಕಳಸದ ಕಡೆ "ಉಚಿತ ಮೂಳೆ ಸಾಂದ್ರತೆ ತಪಾಸಣೆ" ಬ್ಯಾನರ್ ಕಂಡರೆ ನನಗೆ ಮೈ ಉರಿಯುತ್ತೆ. ಡಬ್ಬದೊಳಗೆ ಹಿಮ್ಮಡಿ ಇಟ್ಟರೆ ಎರಡೇ ನಿಮಿಷಕ್ಕೆ ಚೀಟಿ, ಚೀಟಿ ಹಿಂದೆಯೇ ಕ್ಯಾಲ್ಸಿಯಂ ಮಾತ್ರೆ. ಉಚಿತ ಅಂದ್ರೆ ಇದೇ ನೋಡಿ :)

ಸ್ವಾಮಿ, ಆ ಡಬ್ಬ ಅಲ್ಟ್ರಾಸೌಂಡ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದ -2.5ರ ಗೆರೆಯನ್ನು ಅದಕ್ಕೆ ಹಚ್ಚುವಂತಿಲ್ಲ. ಸೊಂಟ, ಬೆನ್ನುಮೂಳೆಯನ್ನು ಡೆಕ್ಸಾ ಯಂತ್ರದಲ್ಲೇ ಅಳೆಯಬೇಕು. ಹಿಮ್ಮಡಿ ಸುಳಿವು ಕೊಟ್ಟೀತು, ತೀರ್ಪು ಕೊಡಲಾರದು.

ಹೋಗಲಿ, ಅಲ್ಲಿ ಕೂತವರಾದರೂ ಯಾರು? ಪೇಟೆಯ ನಲವತ್ತರ ನಮ್ಮಂಥವರು! ಅಮೆರಿಕದವರ ಸಲಹೆಯಲ್ಲೂ 65 ದಾಟಿದ ಹೆಂಗಸರೇ ಮೊದಲು. ಕಾಫಿ ಹಣ್ಣು ಕೊಯ್ದು ಕೊಯ್ದು ಗೂನಾದ ಅಜ್ಜಿಯರನ್ನು ಮಾತ್ರ "ವಯಸ್ಸಾಯ್ತಲ್ಲ" ಅಂತ ಮುಗಿಸಿಬಿಡ್ತೀವಿ. ಕಣದಲ್ಲಿ ಜಾರಿ ಮಣಿಕಟ್ಟು ಮುರಿದರೆ ಪಟ್ಟಿ ಕಟ್ಟಿ ಮನೆಗೆ. ಮುಂದಿನ ಸಲ ಮುರಿಯೋದು ಸೊಂಟ. ಬ್ಯಾನರ್ ದುಡ್ಡಲ್ಲಿ ಅಂಥವರನ್ನು ಚಾರ್ಮಾಡಿ ಇಳಿಸಿ ಮಂಗಳೂರಲ್ಲಿ ಡೆಕ್ಸಾ ಮಾಡಿಸಿ ನೋಡೋಣ, ಆ ದಿನದ ಕೂಲಿಯನ್ನೂ ಸೇರಿಸಿ. ಏನಂತೀರಿ?