ಧ್ಯಾನದ ಮನೆಯಲ್ಲಿ ನಡವಳಿಕೆ

ಮಗಳೊಡನೆ ಜಪಾನಿಗೆ ಹೊರಟಿರುವ ಸೋದರಿಯೊಬ್ಬರು ಕೇಳಿದ್ದಾರೆ: "ಜೆನ್ ಮಠದಲ್ಲಿ ಧ್ಯಾನಕ್ಕೆ ಕೂರಬೇಕಂತೆ. ನನಗೋ ಮಂಡಿನೋವು. ನಾಲ್ಕು ಜನರ ಮುಂದೆ ನಗೆಪಾಟಲಾದರೆ?"

ಅಂಜಬೇಡಿ. ಕುರ್ಚಿ ಬೇಕೆಂದು ಮೊದಲೇ ಕೇಳಿಬಿಡಿ, ಅದೇನೂ ಅವಮಾನವಲ್ಲ. ಘಲ್ಲೆನ್ನುವ ಬಳೆ, ಘಮಘಮಿಸುವ ಅತ್ತರು ಬಿಟ್ಟು ಬರಿಗಾಲಲ್ಲಿ ಹೋಗಿ. ಹೊಸ್ತಿಲು ತುಳಿಯಬಾರದು, ನಮ್ಮಲ್ಲಿನ ಹಾಗೇ. ಆದರೆ ದೋಗೆನ್ ಗುರು 1244ರಲ್ಲಿ ಸ್ಥಾಪಿಸಿದ ಎಯ್ಹೇಜಿ ಮಠದ ಸೋತೋ ಪಂಥದಲ್ಲಿ ಎಡಗಾಲಿಟ್ಟು ಒಳಹೋಗುವುದು ವಾಡಿಕೆ. ಹೊಸ ಸೊಸೆಯ ಬಲಗಾಲಿನ ಅಭ್ಯಾಸ ಅಲ್ಲಿ ಬೇಡ! ಕೂರುವ ಮೊದಲು ದಿಂಬಿನ ಕಡೆ ತಿರುಗಿ ಕೈಮುಗಿಯಿರಿ. ಅದು ಅಕ್ಕಪಕ್ಕದವರಿಗೆ ಸಲ್ಲುವ ನಮಸ್ಕಾರ. ಆಮೇಲೆ ಗೋಡೆಗೆ ಮುಖಮಾಡಿ ಕೂರುವುದು. ಕಾಲು ಜೋಮು ಹಿಡಿದರೆ ಕೈಮುಗಿದು, ಸದ್ದಿಲ್ಲದೆ ಬದಲಿಸಿ.

ಪಕ್ಕದವರ ಮೌನ ಕೆಡಿಸದಿರುವುದೇ ಅಲ್ಲಿ ದೊಡ್ಡ ಮರ್ಯಾದೆ. ಎಲ್ಲರೂ ಗೋಡೆ ನೋಡುತ್ತಿರುವಾಗ ನಿಮ್ಮನ್ನು ನೋಡಿ ನಗುವವರಾದರೂ ಯಾರು, ಹೇಳಿ?